ಒಂದೇ ವೈನು, ನಾಲ್ಕು ಜಾಗ: ಸಜ್ಜಾ, ಫ್ರಿಜ್, ಕೂಲರ್, ಮಂಚದಡಿ

ಮೊದಲು ಹಾಳಾದ ಬಾಟಲಿಯ ಕತೆ. ಮದುವೆಯಾದ ಹತ್ತನೇ ವರ್ಷಕ್ಕೆ ತೆಗೆಯೋಣ ಅಂತ ಒಂದು ರೆಡ್ ವೈನನ್ನು ಎರಡು ವರ್ಷ ಜೋಪಾನವಾಗಿ ಇಟ್ಟಿದ್ದೆ. ಜೋಪಾನ ಅಂದರೆ ಅಡುಗೆಮನೆ ಸಜ್ಜಾ ಮೇಲೆ, ಹಿತ್ತಾಳೆ ಪಾತ್ರೆಗಳ ಹಿಂದೆ. ಗ್ಲಾಸಿಗೆ ಸುರಿದರೆ ಹಳೇ ಇಟ್ಟಿಗೆಯ ಬಣ್ಣ. ಬಾಯಿಗಿಟ್ಟರೆ ಹುಳಿ, ಅದರ ಹಿಂದೆಯೇ ಬೇಯಿಸಿದ ಒಣದ್ರಾಕ್ಷಿಯ ವಾಸನೆ. ಹೆಂಡತಿ ಒಂದು ಗುಟುಕು ಕುಡಿದು, "ಇದಕ್ಕೆ ಬೆಲ್ಲ, ಸಾಸಿವೆ ಹಾಕಿದ್ರೆ ಹುಣಸೆ ಗೊಜ್ಜು" ಅಂದಳು.

ವೈನ್ ಇಟ್ಟಷ್ಟೂ ರುಚಿ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿಡಬೇಕು ಅಂತ ಯಾರೂ ಹೇಳುವುದಿಲ್ಲ. ಪುಸ್ತಕದ ಲೆಕ್ಕ ಗೊತ್ತೇ ಇದೆ: 12ರಿಂದ 14 ಡಿಗ್ರಿ, ಗಾಳಿಯಲ್ಲಿ ಶೇ. 60–70 ತೇವ, ಕತ್ತಲು, ಅಲುಗಾಟ ಇರಬಾರದು. ಅದು ಫ್ರಾನ್ಸಿನ ನೆಲಮಾಳಿಗೆಯ ಲೆಕ್ಕ. ನಮ್ಮದು ಬೆಂಗಳೂರಿನ ಮೂರನೇ ಮಹಡಿ, ತಲೆ ಮೇಲೆ ಬರೀ ತಾರಸಿ. "ಬೆಂಗಳೂರು ತಂಪು ಊರು ಬಿಡಿ" ಅನ್ನುವವರಿಗೆ 2016ರ ಏಪ್ರಿಲ್ ನೆನಪಿಸಬೇಕು. ಆಗ ಇಲ್ಲಿ 39.2 ಡಿಗ್ರಿ ಮುಟ್ಟಿತ್ತು.

ಸರಿ, ನೋಡೇ ಬಿಡೋಣ ಅಂತ 2022ರ ನವೆಂಬರಿನಲ್ಲಿ ಒಂದೇ ರೆಡ್ ವೈನಿನ ಎಂಟು ಬಾಟಲಿ ತಂದೆ. ನಂದಿ ಬೆಟ್ಟದ ಕಡೆಯ ಕ್ಯಾಬರ್ನೆ–ಶಿರಾಜ್, ಅಂದರೆ ಆ ಎರಡು ಜಾತಿಯ ಕಪ್ಪು ದ್ರಾಕ್ಷಿ ಬೆರೆಸಿದ್ದು. ಎಲ್ಲವೂ ಕಾರ್ಕ್ ಹಾಕಿದ್ದು, ಎಲ್ಲದರ ಮೇಲೂ ಒಂದೇ ತಿಂಗಳ ಮುದ್ರೆ. ನಾಲ್ಕು ಜಾಗಕ್ಕೆ ಎರಡೆರಡು. ನಾಲ್ಕನ್ನು ಮೊದಲ ಬೇಸಿಗೆ ಕಳೆದ ಮೇಲೆ, ಉಳಿದ ನಾಲ್ಕನ್ನು ಎರಡನೇ ಬೇಸಿಗೆ ಕಳೆದ ಮೇಲೆ ತೆಗೆಯುವುದು ಅಂತ ಲೆಕ್ಕ. ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ನೆನಪಿಡುವ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಕೊಂಡು ಜಾಗದಿಂದ ಜಾಗಕ್ಕೆ ತಿರುಗಿಸಿದೆ. ರುಚಿ ನೋಡುವ ದಿನ ಬಾಟಲಿಗಳಿಗೆ ಪೇಪರ್ ಸುತ್ತಿ ನಂಬರ್ ಬರೆಯೋಕೆ ನನ್ನ ಭಾಮೈದ. ಅವನು ಕುಡಿಯುವುದಿಲ್ಲ. ಅದಕ್ಕೇ ಅವನೇ ಅಂಪೈರ್.

ಸಜ್ಜಾದ್ದು ನನಗೆ ಮೊದಲೇ ಗೊತ್ತಿತ್ತು. ಆದರೂ ಎಷ್ಟು ಬೇಗ ಕೆಡುತ್ತದೆ ಅಂತ ನೋಡಬೇಕಿತ್ತು. ಏಳೇ ತಿಂಗಳು ಸಾಕಾಯಿತು. ಏಪ್ರಿಲ್ ಮಧ್ಯಾಹ್ನ ಸಜ್ಜಾ ಮೇಲೆ 37 ಡಿಗ್ರಿ, ಅದೇ ದಿನ ಬೆಳಗಿನ ಜಾವ 27. ಒಂದೇ ದಿನದಲ್ಲಿ ಹತ್ತು ಡಿಗ್ರಿ ಏರಿಳಿತ. ಬಿಸಿಗೆ ವೈನ್ ಹಿಗ್ಗಿ ಕಾರ್ಕನ್ನು ಒಳಗಿಂದ ನೂಕುತ್ತದೆ. ರಾತ್ರಿ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ದಿನಾ ಹೀಗೇ ನಡೆದರೆ ಬಾಟಲಿ ಉಸಿರಾಡೋಕೆ ಶುರು ಮಾಡಿದ ಹಾಗೆ. ಜೂನ್‌ನಲ್ಲಿ ಇಳಿಸಿದಾಗ ಕತ್ತಿನ ಮೇಲಿನ ಹಾಳೆ ಸ್ವಲ್ಪ ಉಬ್ಬಿತ್ತು. ಬಿಚ್ಚಿದರೆ ಒಳಗೆಲ್ಲ ಅಂಟು. ಕಾರ್ಕ್ ಕೂದಲೆಳೆಯಷ್ಟು ಮೇಲೆ ಬಂದಿತ್ತು, ಅದರ ಪಕ್ಕದಲ್ಲಿ ಮೇಲಿನವರೆಗೂ ವೈನ್ ಹರಿದ ನೇರಳೆ ಗೆರೆ. ರುಚಿ? ಗೊಜ್ಜಿನ ತಂಗಿ. ಇದೇ ಸಜ್ಜಾದ ಎರಡನೇ ಬಾಟಲಿಗೆ ಇನ್ನೊಂದು ಬೇಸಿಗೆ ತೋರಿಸುವ ಮನಸ್ಸಾಗಲಿಲ್ಲ. ಮಟನ್‌ಗೆ ಸುರಿದೆವು.

ಸಜ್ಜಾ ಮೇಲೆ ಇನ್ನೊಂದು ಅವಾಂತರವೂ ಆಗಿದೆ. ಮಡಿಕೇರಿಯ ಗೆಳೆಯರೊಬ್ಬರು ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನನ್ನು ರಮ್ ಬಾಟಲಿಗೆ ತುಂಬಿ ಕೊಟ್ಟಿದ್ದರು. ಮನೆ ವೈನಿನಲ್ಲಿ ಸಕ್ಕರೆಯೂ ಈಸ್ಟೂ ಉಳಿದಿದ್ದರೆ ಬಾಟಲಿಯೊಳಗೇ ಮತ್ತೆ ಹುಳಿಯುತ್ತದೆ, ಗ್ಯಾಸ್ ಕಟ್ಟುತ್ತದೆ. ರಾತ್ರಿ ಎರಡು ಗಂಟೆಗೆ ಢಂ ಅಂತ ಮುಚ್ಚಳ ಹಾರಿತು. ಗೋಡೆಯ ಆ ಕಲೆಗೆ ಈಗಲೂ ಕ್ಯಾಲೆಂಡರ್ ಮುಚ್ಚಿದ್ದೇವೆ. ಅಂಥದ್ದನ್ನು ಫ್ರಿಜ್ಜಿನಲ್ಲಿಡಿ, ಮುಚ್ಚಳ ಆಗಾಗ ಸಡಿಲಿಸಿ, ಬೇಗ ಮುಗಿಸಿ.

ಫ್ರಿಜ್ ವಿಷಯದಲ್ಲಿ ನಾನು ಅಂದುಕೊಂಡಿದ್ದೇ ಬೇರೆ. ತಂಪು, ಕತ್ತಲು, ಇನ್ನೇನು ಬೇಕು? ಮೊದಲ ಬಾಟಲಿ ಚೆನ್ನಾಗಿಯೇ ಇತ್ತು. ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆ ಪುಡಿಯಂಥ ಹರಳು ಕೂತಿತ್ತು, ಅಷ್ಟೆ. ಅದು ದ್ರಾಕ್ಷಿಯದೇ ಆಮ್ಲ, ಚಳಿಗೆ ಹರಳುಗಟ್ಟುತ್ತದೆ, ಹೆದರಬೇಕಿಲ್ಲ. ಎರಡನೇ ಬಾಟಲಿಯದ್ದು ಬೇರೆ ಕತೆ. ನಮ್ಮ ಫ್ರಿಜ್ಜಿನಲ್ಲಿ ಬಾಟಲಿ ಮಲಗಿಸೋಕೆ ಜಾಗ ಎಲ್ಲಿ? ಹಾಲು, ದೋಸೆ ಹಿಟ್ಟು, ಕೊತ್ತಂಬರಿ ಡಬ್ಬಿ. ಹಾಗಾಗಿ ಬಾಗಿಲಲ್ಲೇ ನಿಲ್ಲಿಸಿದ್ದೆ. ಫ್ರಿಜ್ಜಿನ ಗಾಳಿ ಒಣ, ವೈನ್ ಕಾರ್ಕನ್ನು ಮುಟ್ಟುತ್ತಿಲ್ಲ. ಒಂದೂವರೆ ವರ್ಷದಲ್ಲಿ ಕಾರ್ಕ್ ಒಣಗಿ ರಸ್ಕ್ ಆಗಿತ್ತು. ಓಪನರ್ ತಿರುಗಿಸಿದರೆ ಅರ್ಧ ಕೈಗೆ ಬಂತು, ಅರ್ಧ ಒಳಗೆ ಬಿತ್ತು. ಟೀ ಸೋಸುವ ಜರಡಿಯಲ್ಲಿ ಸೋಸಿ ಕುಡಿದೆವು. ಕೆಟ್ಟಿರಲಿಲ್ಲ, ಆದರೆ ಸಪ್ಪೆ. 4–5 ಡಿಗ್ರಿಯಲ್ಲಿ ವೈನ್ ಮಾಗುವುದೂ ಇಲ್ಲ, ಸುಮ್ನೆ ನಿದ್ದೆ ಮಾಡುತ್ತದೆ. ತಿರುಪು ಮುಚ್ಚಳದ ವೈಟ್ ವೈನ್, ರೋಸೆಗೆ (ಗುಲಾಬಿ ಬಣ್ಣದ ವೈನ್) ಒಂದೆರಡು ತಿಂಗಳ ಮಟ್ಟಿಗೆ ಫ್ರಿಜ್ಜೇ ಸರಿ. ಅದರಾಚೆ ಬೇಡ.

ವೈನ್ ಕೂಲರ್‌ಗೆ ನಾನು ಕೊಟ್ಟದ್ದು 14 ಸಾವಿರ. ಎಂಟು ಬಾಟಲಿ ಹಿಡಿಯುವ ಪುಟ್ಟದು. ಕಂಪ್ರೆಸರ್ ಇಲ್ಲ, ಹಾಗಾಗಿ ಸದ್ದೂ ಇಲ್ಲ, ನಡುಕವೂ ಇಲ್ಲ. ಕೊಳ್ಳುವಾಗ ಅಂಗಡಿಯವನು ಹೇಳದೇ ಬಿಟ್ಟ ಮಾತೊಂದಿದೆ. ಈ ಥರದ್ದು ಕೋಣೆಯ ಬಿಸಿಗಿಂತ ಹತ್ತು ಹದಿನೈದು ಡಿಗ್ರಿ ಮಾತ್ರ ಕೆಳಗಿಳಿಯುತ್ತದೆ. ಹಾಲ್‌ನಲ್ಲಿ 33 ಇದ್ದಾಗ ನಾನು 13ಕ್ಕೆ ಇಟ್ಟರೂ ಒಳಗಿನ ಥರ್ಮಾಮೀಟರ್ 19 ತೋರಿಸುತ್ತಿತ್ತು. ಡಿಸ್‌ಪ್ಲೇ ಮಾತ್ರ ಧೈರ್ಯವಾಗಿ 13 ಅನ್ನುತ್ತಿತ್ತು! ಹಗಲೂ ರಾತ್ರಿ ಒಂದೇ ಸಮ ಓಡುತ್ತದೆ, ಕರೆಂಟ್ ಹೋದರೆ ಎರಡು ಮೂರು ಗಂಟೆಯಲ್ಲಿ ಕೋಣೆಯ ಬಿಸಿ ಕಡೆಗೆ ಹೊರಡುತ್ತದೆ. ಗಾಜಿನ ಬಾಗಿಲು ಬೇರೆ. ವೈನಿಗೆ ಬಿಸಿಲು, ಟ್ಯೂಬ್‌ಲೈಟ್ ಎರಡೂ ಆಗಿಬರುವುದಿಲ್ಲ, ಅದಕ್ಕೆ ಹಳೇ ಪಂಚೆ ಇಳಿಬಿಟ್ಟೆವು. ಇಷ್ಟೆಲ್ಲ ಬೈದರೂ ಒಪ್ಪಿಕೊಳ್ಳಬೇಕಾದ್ದು ಒಂದಿದೆ. ಎರಡೂ ಸಲ ಹಣ್ಣಿನ ವಾಸನೆ ಅತಿ ತಾಜಾ ಇದ್ದದ್ದು ಇದರ ಬಾಟಲಿಯಲ್ಲೇ.

ಇನ್ನು ಮಂಚದಡಿ. ಇದರ ಐಡಿಯಾ ಬಂದದ್ದು ಅಜ್ಜಿಯಿಂದ. ಉಪ್ಪಿನಕಾಯಿ ಭರಣಿಯನ್ನು ಅಜ್ಜಿ ಒಲೆ ಹತ್ತಿರ ಯಾವತ್ತೂ ಇಟ್ಟವರಲ್ಲ. ನಡುಮನೆಯ ಕತ್ತಲೆ ಮೂಲೆ, ನೆಲದ ಮೇಲೆ, ಬಾಯಿಗೆ ಬಟ್ಟೆ ಕಟ್ಟಿ. "ಅಲ್ಲಾಡಿಸಬೇಡ, ಪದೇ ಪದೇ ತೆಗೀಬೇಡ" ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅಂಥ ಮೂಲೆ ಅಂದರೆ ಉತ್ತರದ ಕೋಣೆಯ ಮಂಚದ ಕೆಳಗೆ, ಹೊರಗೋಡೆಯಿಂದ ದೂರ.

ಬಾಟಲಿಗಳನ್ನು ಥರ್ಮೋಕೋಲ್ ಡಬ್ಬಿಯಲ್ಲಿ ಮಲಗಿಸಿ, ಸಂದಿಗೆ ಹಳೇ ನ್ಯೂಸ್‌ಪೇಪರ್ ತುರುಕಿದೆ. ಮೊದಲ ಡಬ್ಬಿ ಮೀನಂಗಡಿಯದು, ದುಡ್ಡಿಲ್ಲದೆ ಸಿಕ್ಕಿತ್ತು. ಮೂರು ಸಲ ಸೋಪು ಹಾಕಿ ತೊಳೆದರೂ ಬಂಗುಡೆ ಹೋಗಲಿಲ್ಲ. ಆಮೇಲೆ ಮೆಡಿಕಲ್ ಶಾಪಿನಿಂದ ಔಷಧಿ ಬರುವ ಡಬ್ಬಿ ಕೇಳಿ ತಂದೆ. ತೇವ ಇರಲಿ ಅಂತ ಒದ್ದೆ ಬಟ್ಟೆಯನ್ನೂ ಇಟ್ಟಿದ್ದೆ, ಹದಿನೈದೇ ದಿನಕ್ಕೆ ಲೇಬಲ್ ಮೇಲೆ ಬೂಷ್ಟು. ತೆಗೆದು ಬಿಸಾಕಿದೆ. ಬಾಟಲಿ ಮಲಗಿದ್ದರೆ ವೈನೇ ಕಾರ್ಕನ್ನು ಒದ್ದೆಯಾಗಿಡುತ್ತದೆ, ಅಷ್ಟು ಸಾಕು. ವಾಸನೆ ತಾಗಬಾರದು ಅಂತ ನುಸಿಗುಳಿಗೆ ಇರುವ ಬಟ್ಟೆ ಬೀರು, ಟ್ರಂಕಿನ ಪಕ್ಕವೂ ಇಡಲಿಲ್ಲ.

ಡಬ್ಬಿ ಒಳಗಿನ ಲೆಕ್ಕ ನೋಡಿ ನನಗೇ ಆಶ್ಚರ್ಯ. ಡಿಸೆಂಬರಿನಲ್ಲಿ 22, ಏಪ್ರಿಲ್ ಕೊನೆಗೆ 29. ಇದು ಪುಸ್ತಕದ 13ಕ್ಕೆ ಎಲ್ಲೂ ಹತ್ತಿರವಿಲ್ಲ. ಆದರೆ ಒಂದು ದಿನದೊಳಗಿನ ಏರಿಳಿತ ಒಂದು ಡಿಗ್ರಿ ದಾಟಲೇ ಇಲ್ಲ. 2024ರ ಏಪ್ರಿಲ್ ಕೊನೆಯಲ್ಲಿ ಊರು 38.5 ಡಿಗ್ರಿಗೆ ಕಾದಾಗಲೂ ಕಾರ್ಕ್ ಜಾಗ ಬಿಟ್ಟು ಕದಲಿರಲಿಲ್ಲ.

ಆ ಮೇ ತಿಂಗಳಲ್ಲಿ ಉಳಿದ ಮೂರು ಬಾಟಲಿ ತೆಗೆದೆವು. ಒಂದನೇ ನಂಬರ್ ಸಪ್ಪೆ, ಫ್ರಿಜ್ ಅಂತ ಎಲ್ಲರಿಗೂ ಗೊತ್ತಾಯಿತು, ಜರಡಿ ಹಿಡಿದದ್ದೇ ಸಾಕ್ಷಿ. ಎರಡನೇದರಲ್ಲಿ ನೇರಳೆ ಹಣ್ಣು ಜೋರು, ಜೊತೆಗೆ ಚೊಗರಡಿಕೆ ಅಗಿದಂಥ ಒಗರು ನಾಲಿಗೆ ಹಿಡಿಯುತ್ತಿತ್ತು. ಮೂರನೇದು ಅಂಚಿನಲ್ಲಿ ಸ್ವಲ್ಪ ಕೆಂಪು ತಿರುಗಿತ್ತು. ಒಗರು ಕರಗಿ, ಲವಂಗ, ಹಳೇ ಚರ್ಮದ ಚೀಲದಂಥ ಒಂದು ವಾಸನೆ. ನಾನು, ಹೆಂಡತಿ ಇಬ್ಬರೂ ಮೂರಕ್ಕೇ ಕೈ ಎತ್ತಿದೆವು. ಭಾಮೈದ ಪೇಪರ್ ಬಿಚ್ಚಿದ: ಮಂಚದಡಿ. ಎರಡನೇದು ಕೂಲರ್.

ಇದನ್ನು ಮಂಚದ ಗೆಲುವು ಅಂತ ಕೂಗುವ ಮುಂಚೆ ಒಂದು ಮಾತು. ಬಿಸಿ ಜಾಸ್ತಿಯಾದಷ್ಟೂ ವೈನಿಗೆ ವಯಸ್ಸು ಬೇಗ ಆಗುತ್ತದೆ. ಒಂದೂವರೆ ವರ್ಷಕ್ಕೆ ನಮಗೆ ಸಿಕ್ಕಿದ ಮಾಗಿದ ರುಚಿ ಇನ್ನೊಂದು ವರ್ಷ ಬಿಟ್ಟಿದ್ದರೆ ಇಳಿಮುಖ ಹಿಡಿಯುತ್ತಿತ್ತು ಅಂತ ನನ್ನ ಅಂದಾಜು. ಕೂಲರಿನದಕ್ಕೆ ಇನ್ನೂ ದಾರಿ ಇತ್ತು. ಓಕ್ ಪೀಪಾಯಿಯಲ್ಲಿ ಮಾಗಿಸಿದ ದುಬಾರಿ ರಿಸರ್ವ್ ಬಾಟಲಿಯನ್ನು ಐದಾರು ವರ್ಷ ಇಡುವ ಆಸೆ ಇದ್ದರೆ ಕೂಲರ್ ಬೇಕೇ ಬೇಕು, ಅದೂ ಕಂಪ್ರೆಸರ್ ಇರುವಂಥದ್ದು. ನಾವು ಸಾಮಾನ್ಯವಾಗಿ ಕೊಳ್ಳುವ ಸಾವಿರ ರೂಪಾಯಿ ಒಳಗಿನ ವೈನಿಗೆ ಅದು ದಂಡ. ಅಂಥವನ್ನು ಎರಡು ಮೂರು ವರ್ಷದೊಳಗೆ ಕುಡಿಯಲೆಂದೇ ಮಾಡಿರುತ್ತಾರೆ. ಕೊಳ್ಳುವಾಗ ಹಿಂದಿನ ಲೇಬಲ್ಲಿನ ತಿಂಗಳು ನೋಡಿ, ಬಿಸಿಲು ಬೀಳುವ ಗಾಜಿನ ಕಪಾಟಿನದ್ದು ಬೇಡ, ಒಳಗಿನ ಪೆಟ್ಟಿಗೆಯಿಂದ ಕೊಡಿ ಅಂತ ಕೇಳಿ. ಅಂಗಡಿಯಲ್ಲೇ ಬೆಂದ ವೈನನ್ನು ಮನೆಯ ಯಾವ ಜಾಗವೂ ಉಳಿಸುವುದಿಲ್ಲ.

ಈಗ ಮಂಚದಡಿಯ ಡಬ್ಬಿಯಲ್ಲಿ ಆರು ಬಾಟಲಿಗಳಿವೆ, ಮುಚ್ಚಳದ ಮೇಲೆ ಪೆನ್ಸಿಲ್‌ನಲ್ಲಿ ಬರೆದ ತಾರೀಖು. ಕೂಲರ್‌ನಲ್ಲಿ ರಿಸರ್ವ್ ಬಾಟಲಿ ಎರಡೇ. ಉಳಿದ ಜಾಗಕ್ಕೆ ಹೆಂಡತಿ ಚಾಕೊಲೇಟ್ ತುಂಬಿದ್ದಾಳೆ, ಅದಕ್ಕಂತೂ 19 ಡಿಗ್ರಿ ಹೇಳಿ ಮಾಡಿಸಿದ ಹಾಗಿದೆಯಂತೆ.