ತೇಗವೋ, ಓಕೋ, ಮೇಪಲ್ಲೋ: ಓಡಾಟದ ಮನೆಗೆ ಯಾವ ಮರದ ನೆಲ?

ಮರದ ನೆಲ ಮಾರುವವರ ಬಾಯಲ್ಲಿ ಮೊದಲು ಬರುವುದು ಜಾಂಕಾ ಸಂಖ್ಯೆ. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಅದರ ಅರ್ಧದಷ್ಟು ಮರದೊಳಗೆ ಇಳಿಸಲು ಎಷ್ಟು ಬಲ ಬೇಕು ಎಂಬ ಲೆಕ್ಕ ಅದು. ಪೌಂಡ್‌ಗಳಲ್ಲಿ ಹೇಳುವುದಾದರೆ ಹಿಕರಿ 1820, ಹಾರ್ಡ್ ಮೇಪಲ್ 1450, ಬಿಳಿ ಓಕ್ 1360. ನಮ್ಮ ತೇಗ 1070ರ ಆಸುಪಾಸು, ಅಮೆರಿಕದ ವಾಲ್ನಟ್ 1010. ಈ ಪಟ್ಟಿಯನ್ನೇ ನಂಬಿದರೆ ಮಕ್ಕಳು, ನಾಯಿ, ಬಂದುಹೋಗುವ ನೆಂಟರು, ದಿನವೂ ಬಕೆಟ್ ನೀರಿನಲ್ಲಿ ನೆಲ ಒರೆಸುವ ರೂಢಿ ಎಲ್ಲವೂ ಇರುವ ನಮ್ಮ ಜಯನಗರದ ಮನೆಗೆ ತೇಗ ಸಲ್ಲದು.

ಪಟ್ಟಿಯನ್ನು ಪಕ್ಕಕ್ಕಿಟ್ಟು ತೇಗ, ಬಿಳಿ ಓಕ್, ಮೇಪಲ್, ವಾಲ್ನಟ್ ನಾಲ್ಕರ ಹಲಗೆಗಳನ್ನೂ ತರಿಸಿ, ಒಂದೇ ಬಗೆಯ ಮ್ಯಾಟ್ ಪಾಲಿಶ್ ಹಾಕಿಸಿ, ಅಡುಗೆಮನೆಯಿಂದ ಹಾಲ್‌ಗೆ ಹೋಗುವ ದಾರಿಯಲ್ಲಿ ಹಾಸಿದೆವು. ಶಿವರಾತ್ರಿಯ ನಂತರದ ಒಣ ಬಿಸಿಲನ್ನೂ ಗಣೇಶನ ಹಬ್ಬದ ಹೊತ್ತಿನ ತೇವವನ್ನೂ ಅವು ಅಲ್ಲಿಯೇ ಕಂಡವು.

ಮೇಪಲ್ ಬೇಗ ಸೋತಿತು. ನೀರು ತುಂಬಿದ ಸ್ಟೀಲ್ ಚೊಂಬು ಬಿದ್ದಾಗ ನಾಲ್ಕರಲ್ಲಿ ಅತಿ ಕಡಿಮೆ ನೆಗ್ಗಿದ್ದು ಅದೇ, ಒಪ್ಪುತ್ತೇನೆ. ಆದರೆ ಅದರ ಮೈ ತೀರಾ ನುಣುಪು, ಬಣ್ಣ ತೀರಾ ಬಿಳುಚು. ನಾಯಿಯ ಉಗುರಿನ ಕೂದಲೆಳೆಯಂಥ ಗೀರೂ ಸಂಜೆಯ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಬ್ಯಾಸ್ಕೆಟ್‌ಬಾಲ್ ಅಂಗಣಕ್ಕೆ ಅದು ಹೇಳಿಮಾಡಿಸಿದ ಮರ. ಅಲ್ಲಿ ಗೀರು ಎಣಿಸುತ್ತ ಕೂರುವವರಿಲ್ಲ. ವಾಲ್ನಟ್‌ನ ಚೆಲುವಿಗೆ ಸಾಟಿಯಿಲ್ಲ, ಆದರೆ ಊಟದ ಕುರ್ಚಿಯ ಕಾಲಿಗೇ ಅದು ನೆಗ್ಗಿತು. ಕಿಟಕಿಯ ಬಿಸಿಲು ಬಿದ್ದಷ್ಟು ಜಾಗ ತಿಳಿಯಾಗಿ, ಚಾಪೆಯಡಿಯ ಭಾಗ ಮೊದಲಿನ ಕಡುಗಂದಿನಲ್ಲೇ ಉಳಿಯಿತು. ಮಲಗುವ ಕೋಣೆಗಾದರೆ ಸರಿ.

ನಿಜವಾದ ಪೈಪೋಟಿ ಓಕ್‌ಗೂ ತೇಗಕ್ಕೂ. ಓಕ್‌ನ ಒರಟು ಗೆರೆಗಳು ಗೀರನ್ನು ನುಂಗಿಬಿಡುತ್ತವೆ. ರಂಗೋಲಿ ಪುಡಿಯೂ ರಾಗಿ ಹಿಟ್ಟೂ ಅದೇ ಗೆರೆಗಳಲ್ಲಿ ಕೂರುತ್ತವೆ, ಆದರೆ ಬ್ರಷ್ ಆಡಿಸಿದರೆ ಏಳುತ್ತವೆ. ತೊಂದರೆ ಕೊಟ್ಟದ್ದು ಕಬ್ಬಿಣದ ಒಗ್ಗರಣೆ ಸೌಟು. ತೊಳೆದ ಸೌಟನ್ನು ಯಾರೋ ಓಕ್ ಹಲಗೆಯ ಮೇಲಿಟ್ಟು ಮರೆತಿದ್ದರು. ಬೆಳಿಗ್ಗೆ ಎತ್ತಿ ನೋಡಿದರೆ ಪಾಲಿಶ್ ಸವೆದಿದ್ದ ಕಡೆ ಸೌಟಿನ ಅಂಚಿನ ಆಕಾರಕ್ಕೇ ನೀಲಿಗಪ್ಪು ಕಲೆ. ಓಕ್‌ನಲ್ಲಿ ಟ್ಯಾನಿನ್ ಹೇರಳ. ಕಬ್ಬಿಣವೂ ನೀರೂ ಸೇರಿದರೆ ಅದು ಹೀಗೆ ಕಪ್ಪಾಗುತ್ತದೆ. ಸೋಪಿಗೆ ಜಗ್ಗಲಿಲ್ಲ. ಕೊನೆಗೆ ಆಚಾರ್ರು ಆಕ್ಸಾಲಿಕ್ ಆಮ್ಲ ಹಚ್ಚಿ ತೆಗೆದರು.

ಅದಕ್ಕಿಂತ ದೊಡ್ಡ ವಿಷಯ ಮರದ ಹಿಗ್ಗು ಕುಗ್ಗು. ಹಸಿ ಮರ ಪೂರ್ತಿ ಒಣಗುವಾಗ ವಾರ್ಷಿಕ ಉಂಗುರದ ಗುಂಟ ಬಿಳಿ ಓಕ್ ಸುಮಾರು ಶೇ. 10.5ರಷ್ಟು ಕುಗ್ಗಿದರೆ ತೇಗ ಕುಗ್ಗುವುದು ಶೇ. 5.8ರಷ್ಟು ಮಾತ್ರ. ಹಾಸಿದ ನೆಲದಲ್ಲಿ ಅಷ್ಟು ಅಂತರ ಕಾಣುವುದಿಲ್ಲ, ನಿಜ. ಆದರೂ ಮಾರ್ಚ್‌ನಲ್ಲಿ ನಮ್ಮ ಓಕ್ ಹಲಗೆಗಳ ನಡುವೆ ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು ಬಿಟ್ಟಿತ್ತು, ಆಗಸ್ಟ್‌ಗೆ ಮುಚ್ಚಿಕೊಂಡಿತು. ತೇಗದ ಸಂದನ್ನು ಹುಡುಕಿ ನೋಡಬೇಕಿತ್ತು. ಹಿಕರಿಯನ್ನು ನಾವು ತರಿಸದಿದ್ದುದೂ ಇದಕ್ಕೇ: ಅದು ಕುಗ್ಗುವುದು ಓಕ್‌ನಷ್ಟೇ, ಬೆಂಗಳೂರಿನ ಹವೆಯಲ್ಲಿ ಅದರ ಗಟ್ಟಿತನ ಕಟ್ಟಿಕೊಂಡು ಏನು ಮಾಡುವುದು? ಓಕ್ ಬೇಕೇ ಬೇಕೆನ್ನುವವರು ಎಂಜಿನಿಯರ್ಡ್ ಹಲಗೆ ಕೊಳ್ಳಲಿ. ಮೇಲೆ ಮೂರು ನಾಲ್ಕು ಮಿಲಿಮೀಟರ್ ಓಕ್, ಕೆಳಗೆ ಅಡ್ಡಡ್ಡ ಅಂಟಿಸಿದ ಪ್ಲೈ, ಅಲುಗಾಟ ಕಡಿಮೆ. ಬದಲಿಗೆ, ಉಜ್ಜಿ ಹೊಸದು ಮಾಡುವ ಅವಕಾಶ ಒಂದೆರಡು ಸಲಕ್ಕೆ ಮುಗಿಯುತ್ತದೆ.

ತೇಗಕ್ಕೆ ನೆಗ್ಗು ಬೀಳುತ್ತದೆ, ಬೀಳುವುದಿಲ್ಲ ಎನ್ನುವವರನ್ನು ನಂಬಬೇಡಿ. ಚೊಂಬಿನ ಅಂಚು ಮೂಡಿಸಿದ ಅರ್ಧಚಂದ್ರ ಇಂದಿಗೂ ಇದೆ. ಆದರೆ ಕಂದು ಗೆರೆಗಳ ನಡುವೆ ಅದನ್ನು ನಾನೇ ಬೆರಳಾಡಿಸಿ ಹುಡುಕಬೇಕು. ಹೊಸದರಲ್ಲಿ ಹಸಿರು ಮಿಶ್ರಿತ ಪಟ್ಟೆಗಳಿದ್ದ ಹಲಗೆ ಬೆಳಕಿಗೆ ಹೊನ್ನಿನ ಕಂದಾಯಿತು. ಅದರ ಚೇಗಿನಲ್ಲಿ, ಅಂದರೆ ಒಳಗಿನ ಗಟ್ಟಿ ತಿರುಳಿನಲ್ಲಿ, ಎಣ್ಣೆಯಂಶವಿರುವುದರಿಂದ ನೀರಿಗೂ ಗೆದ್ದಲಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಅದೇ ಎಣ್ಣೆ ಪಾಲಿಶ್ ಹಿಡಿಯಲು ಅಡ್ಡಿ; ಬಳಿಯುವ ಮುನ್ನ ಥಿನ್ನರ್‌ನಿಂದ ಒರೆಸದಿದ್ದರೆ ಸಿಪ್ಪೆಯಂತೆ ಏಳುತ್ತದೆ.

ಕೊಳ್ಳುವಾಗಿನ ತಲೆನೋವು ಬೇರೆ. ಟಿಂಬರ್ ಯಾರ್ಡ್‌ಗಳಲ್ಲಿ ಎಲ್ಲವೂ ಟೀಕೇ. ಆಫ್ರಿಕನ್ ಟೀಕ್ ಎಂದು ತೋರಿಸುವುದು ಹೆಚ್ಚಾಗಿ ಇರೊಕೊ ಎಂಬ ಬೇರೆಯೇ ಮರ. ಘಾನಾದಿಂದ ಬರುವುದು ತೇಗವೇ, ಆದರೆ ನೆಡುತೋಪಿನ ಎಳೆಯ ಮರವಾದರೆ ಹೊರಸುತ್ತಿನ ಬಿಳಿ ಭಾಗ ಹೆಚ್ಚು, ಗೆದ್ದಲು ಬಿಡದ ಭಾಗವೇ ಅದು. ಮ್ಯಾನ್ಮಾರ್ 2014ರಲ್ಲಿ ದಿಮ್ಮಿಗಳ ರಫ್ತನ್ನೇ ನಿಷೇಧಿಸಿದ ಮೇಲೆ ಬರ್ಮಾ ಟೀಕ್ ದಿಮ್ಮಿ ಎಂದವರಿಗೆ ಕಾಗದ ಪತ್ರ ಕೇಳುವುದು ಒಳ್ಳೆಯದು. ನಾವು ದಾಂಡೇಲಿ ಕಡೆಯ ತೇಗ ಹಿಡಿದೆವು. ಪ್ರತಿ ಹಲಗೆಯನ್ನೂ ತಿರುವಿಹಾಕಿ, ಬಿಳಿ ಅಂಚಿದ್ದುದನ್ನು ಪಕ್ಕಕ್ಕೆ ಸರಿಸಿದೆವು. ಅಂಗಡಿಯವರು ಸಿಡುಕಿದರು.

ಹಾಲ್‌ಗೂ ಓಡಾಟದ ದಾರಿಗೂ ತೇಗ, ಮಹಡಿಯ ಕೋಣೆಗಳಿಗೆ ಎಂಜಿನಿಯರ್ಡ್ ಓಕ್ ಎಂದು ತೀರ್ಮಾನವಾಯಿತು. ಬಕೆಟ್ ಬಿಟ್ಟು, ಬಿಗಿಯಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸುವಂತೆ ಮನೆಗೆಲಸದ ಅಕ್ಕನಿಗೆ ಹೇಳಿದ್ದೇವೆ. ಅವರಿಗೂ ಕೆಲಸ ಬೇಗ ಮುಗಿಯುತ್ತದೆ. ಅಡುಗೆಮನೆಗೆ ಮಾತ್ರ ಯಾವ ಮರವೂ ಬೇಡ ಎಂದು ಅತ್ತೆ ಪಟ್ಟು ಹಿಡಿದರು, ನಾನೂ ವಾದಿಸಲಿಲ್ಲ. ಅಲ್ಲಿ ಟೈಲ್ಸ್ ಇದೆ.