ಪ್ರೆಪ್ ಮಾತ್ರೆ: ಔಷಧಿಗೆ ಐದು ಸ್ಟಾರ್, ಡಬ್ಬಿಗೆ ಎರಡು, ಕೌಂಟರಿಗೆ ಕೇಳಲೇಬೇಡಿ

ಪ್ರೆಪ್, ಅಂದರೆ ಎಚ್‌ಐವಿ ಬರದಂತೆ ಮುಂಚೆಯೇ ತಗೊಳ್ಳುವ ಮಾತ್ರೆ, ಶುರು ಮಾಡಿ ವರ್ಷದ ಮೇಲಾಯಿತು. ನಮ್ಮವರ ಗ್ರೂಪುಗಳಲ್ಲಿ ಇದರ ಬಗ್ಗೆ ಕೇಳುವವರು ಜಾಸ್ತಿ, ತಗೊಂಡು ನೋಡಿ ಬರೆಯುವವರು ಕಮ್ಮಿ. ಕನ್ನಡದಲ್ಲಂತೂ ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಹಾಗಾಗಿ ಇದು ಮಾತ್ರೆಯ ರಿವ್ಯೂ, ಜೊತೆಗೆ ಅದನ್ನು ಕೊಡುವ ಜಾಗಗಳದ್ದೂ. ನಾನು ಟ್ರಾನ್ಸ್ ಮಹಿಳೆ, ಬೆಂಗಳೂರಲ್ಲಿದ್ದೇನೆ, ಹಾರ್ಮೋನ್ ತಗೊಳ್ಳುತ್ತೇನೆ, ಎಚ್‌ಐವಿ ನೆಗೆಟಿವ್. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಮೊದಲು ಮಾತ್ರೆ. ಟೆನೊಫೊವಿರ್, ಎಮ್ಟ್ರಿಸಿಟಾಬಿನ್ ಅಂತ ಎರಡು ಔಷಧಿ ಒಂದರಲ್ಲೇ ಇರುತ್ತದೆ. ನಮ್ಮ ದೇಶದ ನಾಲ್ಕೈದು ಕಂಪನಿಗಳು ಮಾಡುತ್ತವೆ, ಹೆಸರು ಬೇರೆ, ಸರಕು ಅದೇ. ದಿನಕ್ಕೊಂದು. ರಕ್ತದಲ್ಲಿ ಔಷಧಿ ಇದ್ದರೆ ವೈರಸ್ ಒಳಗೆ ಬಂದರೂ ಬೇರು ಬಿಡೋಕೆ ಆಗಲ್ಲ. ಅಮೆರಿಕದಲ್ಲಿ 2012ರಲ್ಲೇ ಒಪ್ಪಿಗೆ ಸಿಕ್ಕಿತ್ತು, ನಮ್ಮ ನ್ಯಾಕೋ (ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ) ಇದಕ್ಕೆ ಮಾರ್ಗಸೂಚಿ ತಂದಿದ್ದು 2022ರಲ್ಲಿ. ಸಿಫಿಲಿಸ್, ಗೊನೋರಿಯಾ ಇದಕ್ಕೆ ಬಗ್ಗಲ್ಲ, ಅದಕ್ಕೆ ಕಾಂಡೋಮೇ ಬೇಕು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಕಾಂಡೋಮ್ ಬೇಡ ಅನ್ನುವ ಗಿರಾಕಿಗೆ ಇದು ನೆಪ ಆಗಿಬಿಡುತ್ತದೆ.

ಮೊದಲ ಕೆಲವು ದಿನ ಹೊಟ್ಟೆ ತೊಳಸುತ್ತಿತ್ತು, ಗ್ಯಾಸು, ಸ್ವಲ್ಪ ತಲೆನೋವು. ರಾತ್ರಿ ಊಟ ಆದಮೇಲೆ ತಗೊಳ್ಳೋಕೆ ಶುರು ಮಾಡಿದೆ, ಆಮೇಲೆ ಏನೂ ಗೊತ್ತೇ ಆಗಲಿಲ್ಲ. ನನ್ನ ದೊಡ್ಡ ಭಯ ಬೇರೆ ಇತ್ತು. ಹಾರ್ಮೋನ್ ಕೆಲಸ ನಿಲ್ಲುತ್ತದಾ, ಕಷ್ಟಪಟ್ಟು ಬಂದ ಎದೆ ಇಳಿದು ಹೋಗುತ್ತದಾ ಅಂತ. ನಮ್ಮಲ್ಲಿ ಅರ್ಧ ಜನ ಈ ಮಾತ್ರೆ ಬಿಡೋದೇ ಈ ಭಯಕ್ಕೆ. ಡಾಕ್ಟರ್ ಬಿಡಿಸಿ ಹೇಳಿದರು: ಪ್ರೆಪ್‌ನಿಂದ ಈಸ್ಟ್ರೋಜನ್ ಇಳಿಯಲ್ಲ. ಆದರೆ ಹಾರ್ಮೋನ್ ತಗೊಳ್ಳುವವರು ದಿನಾ ತಗೊಳ್ಳಬೇಕು, ಬೇಕಾದಾಗ ಮಾತ್ರ ನುಂಗುವ ಪದ್ಧತಿ ನಮಗಲ್ಲ. ಪೂರ್ತಿ ರಕ್ಷಣೆ ಬರೋಕೆ ಶುರುವಿನಲ್ಲಿ ಕನಿಷ್ಠ ಏಳು ದಿನ ಬೇಕು, ನಿರ್ವಾಣ (ಗಂಡು ಅಂಗ ತೆಗೆಸುವ ಆಪರೇಷನ್) ಆದವರು ತಮ್ಮ ಲೆಕ್ಕವನ್ನು ಡಾಕ್ಟರ್ ಹತ್ತಿರವೇ ಕೇಳಿಕೊಳ್ಳಿ. ಶುರು ಮಾಡುವ ಮುಂಚೆ ಎಚ್‌ಐವಿ, ಹೆಪಟೈಟಿಸ್ ಬಿ, ಕಿಡ್ನಿಗೆ ಕ್ರಿಯಾಟಿನಿನ್, ಮೂರೂ ಟೆಸ್ಟ್ ಮಾಡಿಸಲೇಬೇಕು. ಗೆಳತಿಯ ಡಬ್ಬಿಯಿಂದ ನಾಲ್ಕು ಸಾಲ ಇಸ್ಕೊಂಡು ನುಂಗಬೇಡಿ. ಆಮೇಲೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಟೆಸ್ಟ್.

ಈಗ ಡಬ್ಬಿಯ ವಿಷಯ, ನನ್ನ ಅರ್ಧ ಸಿಟ್ಟು ಅದರ ಮೇಲೇ. 30 ಮಾತ್ರೆಯ ಬಿಳಿ ಪ್ಲಾಸ್ಟಿಕ್ ಡಬ್ಬಿ. ಬ್ಯಾಗಿನಲ್ಲಿ ಹಾಕಿಕೊಂಡು ನಡೆದರೆ ಗಲಗಲ ಅನ್ನುತ್ತದೆ. ತೇವ ಹೀರೋಕೆ ಒಳಗೊಂದು ಪುಟ್ಟ ಪೊಟ್ಟಣ ಇರುತ್ತದೆ, ಅದಕ್ಕೇ ಬೇರೆ ಡಬ್ಬಿಗೆ ಸುರಿಯೋ ಹಾಗಿಲ್ಲ. ನಾನು ಮೇಲೆ ಹತ್ತಿ ತುರುಕಿ ಸದ್ದು ನಿಲ್ಲಿಸಿದೆ. ಆದರೆ ರೂಪ ಬದಲಾಯಿಸೋಕೆ ಆಗುತ್ತದಾ? ಎಆರ್‌ಟಿ, ಅಂದರೆ ಎಚ್‌ಐವಿ ಇದ್ದವರ ಚಿಕಿತ್ಸೆಯ ಮಾತ್ರೆ, ಅದರ ಸೆಂಟರಿನಲ್ಲಿ ಕೊಡುವ ಡಬ್ಬಿಯ ಥರಾನೇ ಇದೆ. ಟೆನೊಫೊವಿರ್ ಅನ್ನುವ ಹೆಸರೂ ಎರಡರ ಮೇಲೂ ಇರುತ್ತದೆ. ನಮ್ಮ ಮನೆಯಲ್ಲಿ ಗುರು, ಚೇಲಾಗಳು ಎಲ್ಲ ಒಟ್ಟಿಗೆ ಇರೋದು, ಆ ಡಬ್ಬಿ ಯಾರಿಗೂ ಹೊಸದಲ್ಲ. ಅದನ್ನು ನಂಬಿ ಚೆನ್ನಾಗಿ ಬದುಕಿರುವವರೂ ಗೊತ್ತು, ಯಾರಾದರೂ ನೋಡಿಯಾರು ಅಂತ ಮಾತ್ರೆ ಬಿಟ್ಟು ತೀರಿಹೋದವರೂ ಗೊತ್ತು. ಒಬ್ಬಳು ನನ್ನ ಡಬ್ಬಿ ನೋಡಿದಳು. ಸಂಜೆಯೊಳಗೆ ನನ್ನ ನೀರಿನ ಲೋಟ ಬೇರೆ ಆಗಿತ್ತು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಬಿಡುವವರನ್ನು ಬಯ್ಯುವ ನಾವೇ ಮನೆಯೊಳಗೆ ಲೋಟ ಬೇರೆ ಮಾಡೋದು! ಗುರುವಿಗೆ ನೆಗೆಟಿವ್ ರಿಪೋರ್ಟ್ ತೋರಿಸಿದ ಮೇಲೆ ಲೋಟ ವಾಪಸ್ ಬಂತು. ರಿಪೋರ್ಟ್ ಪಾಸಿಟಿವ್ ಇದ್ದಿದ್ದರೂ ಲೋಟ ಬೇರೆ ಆಗಬಾರದಿತ್ತು. ಎಂಜಲಿನಿಂದ ಎಚ್‌ಐವಿ ಬರಲ್ಲ. ಎಆರ್‌ಟಿ ಸರಿಯಾಗಿ ತಗೊಂಡು ರಕ್ತದಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದವರಿಂದ ಮಲಗಿದರೂ ಬರಲ್ಲ. ಆ ಜಗಳ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಡಬ್ಬಿಗೆ ಇಷ್ಟು ಉದ್ದ ಬರೆದಿದ್ದಕ್ಕೆ ಕಾರಣ ಇದೆ. ಪ್ರೆಪ್ ಬಗ್ಗೆ ಮೊದಲು ಬಂದ ದೊಡ್ಡ ಸ್ಟಡಿ ಐಪ್ರೆಕ್ಸ್, 2010ರದ್ದು. ಅದರಲ್ಲಿ ಟ್ರಾನ್ಸ್ ಮಹಿಳೆಯರು 339 ಮಂದಿ ಇದ್ದರು. ಆಮೇಲೆ ಅವರ ಲೆಕ್ಕ ಮಾತ್ರ ಬೇರೆ ತೆಗೆದು ನೋಡಿದರೆ, ಮಾತ್ರೆ ಕೊಟ್ಟವರಲ್ಲಿ 11 ಜನಕ್ಕೆ, ಡಮ್ಮಿ ಮಾತ್ರೆ ಕೊಟ್ಟವರಲ್ಲಿ 10 ಜನಕ್ಕೆ ಎಚ್‌ಐವಿ ಬಂದಿತ್ತು. ಅಂದರೆ ಔಷಧಿಗೆ ಬೆಲೆಯೇ ಇಲ್ಲ ಅನ್ನಿಸುತ್ತದೆ ಅಲ್ವಾ? ರಕ್ತ ಪರೀಕ್ಷೆ ಮಾಡಿದಾಗ ವಿಷಯ ಬೇರೆ ಇತ್ತು: ಸೋಂಕು ಬಂದ ಹೊತ್ತಿನಲ್ಲಿ ಆ 11 ಜನರ ರಕ್ತದಲ್ಲಿ ಔಷಧಿಯೇ ಸಿಗಲಿಲ್ಲ. ವಾರಕ್ಕೆ ನಾಲ್ಕು ಅಥವಾ ಹೆಚ್ಚು ಮಾತ್ರೆ ತಗೊಂಡಷ್ಟು ಔಷಧಿ ರಕ್ತದಲ್ಲಿದ್ದ ಒಬ್ಬ ಟ್ರಾನ್ಸ್ ಮಹಿಳೆಗೂ ಬಂದಿರಲಿಲ್ಲ. ಹಾಗಾಗಿ ಮಾತ್ರೆಯ ಕೆಲಸಕ್ಕೆ ಐದು ಸ್ಟಾರ್ ಕೊಡೋಕೆ ನನಗೆ ಯೋಚನೆಯೇ ಇಲ್ಲ. ಅದನ್ನು ಮನೆಯಲ್ಲಿ ಹೆದರದೆ ಇಟ್ಟುಕೊಳ್ಳೋಕೆ ಬಿಡುತ್ತಾರಾ, ಅಂಗಡಿಯಲ್ಲಿ ಕೇಳೋಕೆ ಬಿಡುತ್ತಾರಾ ಅನ್ನೋದೇ ನನ್ನ ಕೇಸು.

ಅಂಗಡಿ ಅಂದೆ. ಒಂದು ಮೆಡಿಕಲ್ ಶಾಪಿನಲ್ಲಿ ಚೀಟಿ ಕೊಟ್ಟರೆ, ಅವನು ಓದಿ, ಒಳಗಿದ್ದವನಿಗೆ "ಏಡ್ಸ್ ಮಾತ್ರೆ ಇದೆಯಾ ನೋಡು" ಅಂತ ಕೂಗಿದ. ಹಿಂದೆ ಏಳೆಂಟು ಜನ ನಿಂತಿದ್ದರು. ಚಿಲ್ಲರೆಯನ್ನು ಕೈಗೆ ಕೊಡದೆ ಗಾಜಿನ ಮೇಲೆ ಇಟ್ಟ. ಅದಕ್ಕೂ ಮುಂಚೆ ಒಂದು ಆಸ್ಪತ್ರೆಯಲ್ಲಿ ಆಧಾರ್‌ನಲ್ಲಿದ್ದ ಹಳೆಯ ಗಂಡು ಹೆಸರನ್ನು ಮೂರು ಸಲ ಜೋರಾಗಿ ಕರೆದರು. ನಾನು ಎದ್ದು ನಿಂತಾಗ ಇಡೀ ಹಾಲ್ ತಿರುಗಿ ನೋಡಿತು. ಡಾಕ್ಟರ್ ಮೊದಲು ಕೇಳಿದ್ದೇ "ಧಂಧೆ ಮಾಡ್ತೀಯಾ" ಅಂತ, ಅಂದರೆ ಸೆಕ್ಸ್ ವರ್ಕ್. ಏಕವಚನ ಬೇರೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ, ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡೋ ಹಾಗಿಲ್ಲ, ವಿಷಯ ಹೊರಗೆ ಹಾಕೋ ಹಾಗಿಲ್ಲ ಅಂತ ಅದರಲ್ಲಿದೆ. ಟ್ರಾನ್ಸ್‌ಜೆಂಡರ್ ಕಾಯ್ದೆಯಲ್ಲೂ ನಮಗಾಗಿ ಪ್ರತ್ಯೇಕ ಎಚ್‌ಐವಿ ಸರ್ವೇಕ್ಷಣಾ ಕೇಂದ್ರ ಮಾಡಬೇಕು ಅಂತ ಬರೆದಿದ್ದಾರೆ. ಕೌಂಟರಿನ ಆ ಹುಡುಗ ಎರಡನ್ನೂ ಓದಿರಲಿಕ್ಕಿಲ್ಲ. ನ್ಯಾಕೋದ 2017ರ ಸರ್ವೆಯಲ್ಲಿ ನಮ್ಮ ಸಮುದಾಯದಲ್ಲಿ ಎಚ್‌ಐವಿ ಶೇ. 3.14 ಇತ್ತು, ದೇಶದ ವಯಸ್ಕರಲ್ಲಿ ಅದು ಶೇ. 0.2ರ ಆಸುಪಾಸು. ಇಂಥ ಹಾಲ್‌ನಲ್ಲಿ ಒಮ್ಮೆ ಕೂತು ಬಂದವಳು ಮತ್ತೆ ಟೆಸ್ಟಿಗೆ ಹೋಗಲ್ಲ, ಆ ಅಂಕಿಗೆ ನನಗೆ ಬೇರೆ ಕಾರಣ ಹುಡುಕಬೇಕು ಅನ್ನಿಸಲ್ಲ.

ಈಗ ನಾನು ಹೋಗುವುದು ನಮ್ಮವರೇ ಕೆಲಸ ಮಾಡುವ ಒಂದು ಸಣ್ಣ ಕ್ಲಿನಿಕ್‌ಗೆ. ಹೆಸರು ಹಾಕಲ್ಲ, ಬಾಡಿಗೆ ಕಟ್ಟಡ, ಓನರ್‌ಗೆ ಒಂದು ನೆಪ ಸಾಕು. ರಿಜಿಸ್ಟರಿನಲ್ಲಿ "ಕರೆಯುವ ಹೆಸರು" ಅಂತ ಬೇರೆ ಕಾಲಂ ಇದೆ. ಆ ಹೆಸರಿನಲ್ಲೇ ಕರೆಯುತ್ತಾರೆ, "ಬನ್ನಿ ಅಕ್ಕ" ಅಂತಾರೆ. ಎಚ್‌ಐವಿ ಅಂತ ಬೋರ್ಡಿಲ್ಲ. ಹಾರ್ಮೋನ್, ಚರ್ಮ, ಮನಸ್ಸಿನ ಬೇಜಾರು, ಎಲ್ಲಕ್ಕೂ ಅದೇ ಬಾಗಿಲು, ಹಾಗಾಗಿ ಒಳಗೆ ಹೋದವರನ್ನು ನೋಡಿ ಯಾರೂ ಲೆಕ್ಕ ಹಾಕೋಕೆ ಆಗಲ್ಲ. ರಕ್ತ ತೆಗೆಯುವವರೂ ಟ್ರಾನ್ಸ್ ಮಹಿಳೆ, ಕೈ ಹಿಡಿದು ನರ ಹುಡುಕುತ್ತಾ ಮದುವೆ ಕಥೆ ಹೇಳುತ್ತಿದ್ದರು, ಸೂಜಿ ಹೋಗಿದ್ದೇ ಗೊತ್ತಾಗಲಿಲ್ಲ. ಹೈದರಾಬಾದಿನಲ್ಲಿ 2021ರಲ್ಲಿ ಶುರುವಾದ ಮಿತ್ರ್ ಕ್ಲಿನಿಕ್ ಇದೇ ಮಾದರಿ. 2025ರ ಜನವರಿಯಲ್ಲಿ ಅಮೆರಿಕದ ದುಡ್ಡು ನಿಂತಾಗ ಅದು ಮುಚ್ಚಿತು, ಆಮೇಲೆ ಟಾಟಾ ಟ್ರಸ್ಟ್ಸ್ ನೆರವಿನಿಂದ ಸಬ್‌ರಂಗ್ ಅನ್ನುವ ಹೆಸರಲ್ಲಿ ಮತ್ತೆ ತೆರೆಯಿತು. ನಮ್ಮ ಕ್ಲಿನಿಕ್ ಯಾರ ದುಡ್ಡಿನಲ್ಲಿ ನಡೆಯುತ್ತಿದೆ ಅಂತ ನಾನು ಆಗಾಗ ಕೇಳುತ್ತಿರುತ್ತೇನೆ, ಅವರು ನಕ್ಕು ಸುಮ್ನಾಗುತ್ತಾರೆ.

ಖರ್ಚು: ಎಆರ್‌ಟಿ 2004ರಿಂದ ಸರ್ಕಾರಿ ಸೆಂಟರಿನಲ್ಲಿ ಉಚಿತ. ನನ್ನ ಪ್ರೆಪ್‌ಗೆ ಮಾತ್ರ ನಾನೇ ದುಡ್ಡು ಕೊಡುತ್ತೇನೆ, ತಿಂಗಳಿಗೆ ಒಂದೆರಡು ಸಾವಿರ. ಅಂಗಡಿ ಅಂಗಡಿಗೆ ಹೋಗಿ ಕೈಯೊಡ್ಡಿ ಬದುಕುವವಳಿಗೆ ಇದು ಆಗೋ ಮಾತಲ್ಲ. ರೋಗ ಬಂದಮೇಲೆ ಪುಕ್ಕಟೆ, ಬರದಂತೆ ನೋಡಿಕೊಳ್ಳೋಕೆ ದುಡ್ಡು! ಇದೇ ಥರ ಎಚ್‌ಐವಿ ಬರದಂತೆ ತಡೆಯುವ, ಆರು ತಿಂಗಳಿಗೊಂದು ಲೆನಾಕಪವಿರ್ ಇಂಜೆಕ್ಷನ್‌ಗೆ 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಅದರ ಸ್ಟಡಿಯಲ್ಲಿ ಟ್ರಾನ್ಸ್ ಮಹಿಳೆಯರೂ ಇದ್ದರು. ಅದು ಕೈಗೆಟುಕುವ ಬೆಲೆಗೆ ಇಲ್ಲಿ ಬಂದರೆ ನಾನು ಮೊದಲ ಸಾಲಿನಲ್ಲಿ ನಿಲ್ಲುತ್ತೇನೆ. ಅದಕ್ಕೆ ಡಬ್ಬಿಯೇ ಇಲ್ಲವಲ್ಲ.

ಕ್ಲಿನಿಕ್‌ಗೆ ನಾಲ್ಕೂವರೆ ಸ್ಟಾರ್. ಅರ್ಧ ಕಡಿಮೆ ಮಾಡಿದ್ದು ಟೈಮಿಂಗ್‌ಗೆ. ಬೆಳಿಗ್ಗೆ ಹತ್ತರಿಂದ ಐದು ಅಂದರೆ, ರಾತ್ರಿಯೆಲ್ಲ ಕೆಲಸ ಮಾಡಿ ಬಂದ ಹಮಾಮಿನ (ನಮ್ಮವರು ನಡೆಸುವ ಸ್ನಾನದ ಮನೆ) ಹುಡುಗಿಯರು ಮಲಗಿರುವ ಹೊತ್ತು. ವಾರದಲ್ಲಿ ಎರಡು ದಿನವಾದರೂ ರಾತ್ರಿ ಎಂಟರವರೆಗೆ ತೆರೆಯಿರಿ ಅಂತ ಸಲಹೆ ಪುಸ್ತಕದಲ್ಲಿ ಬರೆದು ಬಂದಿದ್ದೇನೆ, ಇದನ್ನು ಓದುವ ಅಲ್ಲಿನವರು ಯಾರಾದರೂ ಇದ್ದರೆ ಆ ಪುಟ ಒಮ್ಮೆ ತೆಗೆದು ನೋಡಿ.