ಸಿಂಗಾಪುರ ಎಲ್‌ಎಲ್‌ಎಂ, 50 ಪರ್ಸೆಂಟ್ ಸ್ಕಾಲರ್‌ಶಿಪ್, ಕೆಲಸ ಪಕ್ಕಾ ಅಂತ ಯಾರಾದ್ರೂ ಹೇಳಿದ್ರೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಲಾ ಮುಗಿಸಿ, ಸನ್ನದು ಮಾಡಿಸಿ, ಸೀನಿಯರ್ ಆಫೀಸಲ್ಲಿ ಫೈಲ್ ಹೊತ್ಕೊಂಡು ಓಡಾಡಿ, ಅವರು ಕೊಡೋ ದುಡ್ಡಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿದ್ರೆ ಊಟಕ್ಕೆ ಉಳಿಯಲ್ಲ ಅನ್ನೋ ಹೊತ್ತಿಗೆ ಸರಿಯಾಗಿ ಇನ್‌ಸ್ಟಾಗ್ರಾಮಲ್ಲಿ ಒಂದು ಜಾಹೀರಾತು ಬರುತ್ತೆ. ಹಿಂದೆ ಮರೀನಾ ಬೇ ಫೋಟೋ, ಮುಂದೆ "ಒಂದೇ ವರ್ಷದ ಎಲ್‌ಎಲ್‌ಎಂ, 50 ಪರ್ಸೆಂಟ್ ಸ್ಕಾಲರ್‌ಶಿಪ್, ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್". ಎಲ್‌ಎಲ್‌ಎಂ ಅಂದ್ರೆ ಎಲ್‌ಎಲ್‌ಬಿ ಆದ್ಮೇಲೆ ಮಾಡೋ ಕಾನೂನಿನ ಮಾಸ್ಟರ್ಸ್. ಅಂಥ ಒಂದು ಬೆಂಗಳೂರಿನ ಕನ್ಸಲ್ಟೆನ್ಸಿ ಮೂಲಕ ಹೋಗಿ, ಓದಿ, ಕೆಲಸ ಸಿಗದೆ ವಾಪಸ್ ಬಂದು ಈಗ ಇಎಂಐ ಕಟ್ತಾ ಇರೋಳು ನಾನು. ಅವರ ಹೆಸರಾಗ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಹೆಸರಾಗ್ಲಿ ಇಲ್ಲಿ ಹಾಕಲ್ಲ, ಕೇಸು ನಡೀತಿದೆ, ಮಾನನಷ್ಟ ಅಂತ ಇನ್ನೊಂದು ನೋಟಿಸ್ ಬರೋದು ಬೇಡ. ಹೆಸರಿಲ್ಲದಿದ್ರೂ ಪರವಾಗಿಲ್ಲ, ಯಾಕಂದ್ರೆ ಇದೇ ಡೈಲಾಗ್ ಹೊಡೆಯೋ ಕನ್ಸಲ್ಟೆನ್ಸಿಗಳು ಜಯನಗರದಿಂದ ಹಿಡಿದು ನಮ್ಮ ದಾವಣಗೆರೆ ತನಕ ಬೇಕಾದಷ್ಟಿವೆ.

ಮೊದಲು ಆ ಸ್ಕಾಲರ್‌ಶಿಪ್ ಕಥೆ. ಸಿಂಗಾಪುರದಲ್ಲಿ ಲಾ ಸ್ಕೂಲ್ ಇರೋ ಯೂನಿವರ್ಸಿಟಿ ಮೂರೇ ಮೂರು, ಎನ್‌ಯುಎಸ್ (ನ್ಯಾಷನಲ್ ಯೂನಿವರ್ಸಿಟಿ ಆಫ್ ಸಿಂಗಾಪುರ), ಎಸ್‌ಎಂಯು (ಸಿಂಗಾಪುರ ಮ್ಯಾನೇಜ್‌ಮೆಂಟ್ ಯೂನಿವರ್ಸಿಟಿ) ಮತ್ತೆ ಎಸ್‌ಯುಎಸ್‌ಎಸ್ (ಸಿಂಗಾಪುರ ಯೂನಿವರ್ಸಿಟಿ ಆಫ್ ಸೋಶಿಯಲ್ ಸೈನ್ಸಸ್). ಇದು ಬಿಟ್ಟು ಅಲ್ಲಿ ಪ್ರೈವೇಟ್ ಇನ್‌ಸ್ಟಿಟ್ಯೂಟ್‌ಗಳು ಅಂತ ಬೇರೆನೇ ಒಂದು ಲೋಕ ಇದೆ, ಒಂದು ಕಟ್ಟಡದಲ್ಲಿ ಮೂರ್ನಾಲ್ಕು ಫ್ಲೋರ್, ಪಾಠ ಅವರದು, ಡಿಗ್ರಿ ಮಾತ್ರ ಬ್ರಿಟನ್ನಿನ ಯಾವುದೋ ಯೂನಿವರ್ಸಿಟಿದು. ಕನ್ಸಲ್ಟೆನ್ಸಿಯವರು ಮಾತಾಡೋವಾಗ ಸಿಂಗಾಪುರ ಅಂತಾರೆ, ಯೂನಿವರ್ಸಿಟಿ ರ‍್ಯಾಂಕಿಂಗ್ ತೋರಿಸೋವಾಗ ಎನ್‌ಯುಎಸ್‌ದು ತೋರಿಸ್ತಾರೆ, ಅಪ್ಲಿಕೇಶನ್ ಹಾಕೋದು ಮಾತ್ರ ಈ ಎರಡನೇ ಲೋಕಕ್ಕೆ. ಕೇಳಿದ್ರೆ "ಎನ್‌ಯುಎಸ್ ಡೆಡ್‌ಲೈನ್ ಮುಗಿದೋಯ್ತು ಮೇಡಂ, ಇದೂ ಗವರ್ನಮೆಂಟ್ ಅಪ್ರೂವ್ಡೇ, ಎಡ್ಯುಟ್ರಸ್ಟ್ ಸರ್ಟಿಫಿಕೇಟ್ ಇದೆ ನೋಡಿ" ಅಂತ ಒಂದು ಪಿಡಿಎಫ್ ಕಳಿಸ್ತಾರೆ. ಎಡ್ಯುಟ್ರಸ್ಟ್ ಸುಳ್ಳಲ್ಲ, ಅದಿಲ್ದೆ ಪ್ರೈವೇಟ್ ಇನ್‌ಸ್ಟಿಟ್ಯೂಟ್ ವಿದೇಶಿ ಸ್ಟೂಡೆಂಟ್ಸ್‌ನ ಸೇರಿಸ್ಕೊಳ್ಳೋ ಹಾಗೇ ಇಲ್ಲ. ಆದ್ರೆ ಅದು ಫೀ ದುಡ್ಡಿಗೆ ರಕ್ಷಣೆ ಇದೆ, ಆಡಳಿತ ಒಂದು ಮಟ್ಟಕ್ಕಿದೆ ಅನ್ನೋದಕ್ಕೆ ಸಾಕ್ಷಿ, ಆ ಡಿಗ್ರಿ ಹಿಡ್ಕೊಂಡು ಹೋದ್ರೆ ಯಾರಾದ್ರೂ ಕೆಲಸ ಕೊಡ್ತಾರೆ ಅನ್ನೋದಕ್ಕಲ್ಲ.

ಅವಾರ್ಡ್ ಲೆಟರ್ ಬಂದಾಗ ಮನೇಲಿ ಸಂಭ್ರಮನೋ ಸಂಭ್ರಮ, ಅಪ್ಪ ಅಂತೂ ಅದನ್ನ ಕಲರ್ ಪ್ರಿಂಟ್ ತೆಗೆಸಿ ನೆಂಟರಿಗೆಲ್ಲ ತೋರಿಸಿದ್ರು. ಅದರಲ್ಲಿ "ಮೆರಿಟ್ ಸ್ಕಾಲರ್‌ಶಿಪ್" ಅಂತಿತ್ತು, ಕೋರ್ಸ್ ಫೀನಲ್ಲಿ ಅರ್ಧ ಮನ್ನಾ ಅಂತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು, ಈ ಮನ್ನಾ ಕೊನೆಯ ಕಂತಿನಲ್ಲಿ ಹೊಂದಿಸಲಾಗುವುದು, ಹಾಜರಾತಿ ಮತ್ತು ಮಾರ್ಕ್ಸ್ ಷರತ್ತಿಗೆ ಒಳಪಟ್ಟು. ಅಂದ್ರೆ ಮೊದಲ ಕಂತುಗಳು ಪೂರ್ತಿ ನಮ್ಮ ಕೈಯಿಂದಾನೇ. ಅಲ್ಲಿಗೆ ಹೋಗಿ ಒಂದಿನ ಕ್ಯಾಂಟೀನಲ್ಲಿ ಕೂತು ಮಾತಾಡ್ತಾ ಇದ್ವಿ, ಶ್ರೀಲಂಕಾದೋನಿಗೂ 50, ವಿಯೆಟ್ನಾಂ ಹುಡುಗಿಗೂ 50, ಮ್ಯಾನ್ಮಾರಿಂದ ಬಂದೋಳು ಕಾಲೇಜಲ್ಲಿ ಎರಡು ಸಬ್ಜೆಕ್ಟ್ ಫೇಲಾಗಿ ಪಾಸಾದೋಳು, ಅವಳಿಗೂ ಮೆರಿಟ್ಟೇ. ಕ್ಲಾಸಲ್ಲಿ ಪೂರ್ತಿ ಫೀ ಕಟ್ಟಿದೋರು ಒಬ್ಬರೂ ಇಲ್ಲ. ಆಷಾಢ ಸೀರೆ ಸೇಲಲ್ಲಿ ಬೆಲೆ ಚೀಟಿ ಏರಿಸಿ 50 ಪರ್ಸೆಂಟ್ ಇಳಿಸ್ತಾರಲ್ಲ, ಅದೇ ಲೆಕ್ಕ. ಇದಕ್ಕೇ ಅಂತ ನಾನು ಕನ್ಸಲ್ಟೆನ್ಸಿಗೆ "ಸ್ಕಾಲರ್‌ಶಿಪ್ ಪ್ರೊಸೆಸಿಂಗ್ ಚಾರ್ಜ್" ಬೇರೆ ಕೊಟ್ಟಿದ್ದು, ಅದೂ ಕಂಪನಿ ಅಕೌಂಟಿಗಲ್ಲ, ಒಬ್ಬರ ಪರ್ಸನಲ್ ಯುಪಿಐಗೆ, ಜಿಎಸ್‌ಟಿ ಬಿಲ್ ಇಲ್ಲ. ಆ ಕಡೆ ಇನ್‌ಸ್ಟಿಟ್ಯೂಟಿಂದಾನೂ ಅವರಿಗೆ ಕಮಿಷನ್ ಬರುತ್ತೆ ಅಂತ ಆಮೇಲೆ ಅಲ್ಲಿನ ಅಡ್ಮಿಷನ್ ಆಫೀಸಲ್ಲಿದ್ದೋರೇ ಬಾಯಿಬಿಟ್ರು.

ಅವರು ಕೊಟ್ಟ "ಏಷ್ಯಾ ಸ್ಕಾಲರ್‌ಶಿಪ್ ಲಿಸ್ಟ್" ಅಂತ ಒಂದು ಪಿಡಿಎಫ್ ಇನ್ನೂ ವಾಟ್ಸಾಪಲ್ಲಿ ಓಡಾಡ್ತಿದೆ, ಅದನ್ನ ನಂಬಬೇಡಿ. ಅದರಲ್ಲಿ ಸಿಂಗಾ ಅಂತ ಇದೆ, ಅದು ಸೈನ್ಸ್ ಇಂಜಿನಿಯರಿಂಗಲ್ಲಿ ಪಿಎಚ್‌ಡಿ ಮಾಡೋರಿಗೆ, ಲಾ ಓದಿರೋರಿಗೆ ಸಂಬಂಧಾನೇ ಇಲ್ಲ. ಹಾಂಗ್‌ಕಾಂಗ್ ಪಿಎಚ್‌ಡಿ ಫೆಲೋಶಿಪ್ ಅಂತ ಇದೆ, ಹೆಸರಲ್ಲೇ ಪಿಎಚ್‌ಡಿ ಇದೆ, ಎಲ್‌ಎಲ್‌ಎಂಗೆ ಅದು ಸಿಗಲ್ಲ. ಲಾ ಮಾಸ್ಟರ್ಸಿಗೆ ನಿಜವಾಗ್ಲೂ ಸಿಗೋ ದೊಡ್ಡ ಸ್ಕಾಲರ್‌ಶಿಪ್ ಅಂದ್ರೆ ಜಪಾನ್ ಸರ್ಕಾರದ ಮೆಕ್ಸ್ಟ್, ಅದಕ್ಕೆ ಅಪ್ಲಿಕೇಶನ್ ಫೀ ಇಲ್ಲ, ಏಜೆಂಟೂ ಬೇಡ, ರಾಯಭಾರ ಕಚೇರಿ ಮೂಲಕ ಹಾಕೋದು, ವಯಸ್ಸು 35ಕ್ಕಿಂತ ಕಮ್ಮಿ ಇರಬೇಕು, ಆಯ್ಕೆ ಆದ್ರೆ ಫೀ ಇಲ್ಲ, ವಿಮಾನದ ಟಿಕೆಟ್ ಅವರದ್ದು, ಮಾಸ್ಟರ್ಸ್ ಓದೋರಿಗೆ ತಿಂಗಳಿಗೆ ಸುಮಾರು 1,44,000 ಯೆನ್. ಕ್ಯುಶು ಯೂನಿವರ್ಸಿಟಿಲಿ ಇಂಗ್ಲಿಷ್‌ನಲ್ಲೇ ಎಲ್‌ಎಲ್‌ಎಂ 1994ರಿಂದ ಇದೆ, ನಗೋಯಾದಲ್ಲೂ ಇದೆ. ಎನ್‌ಯುಎಸ್ ಲಾ ಫ್ಯಾಕಲ್ಟಿನೂ ಎಲ್‌ಎಲ್‌ಎಂಗೆ ತನ್ನದೇ ಸ್ಕಾಲರ್‌ಶಿಪ್ ಕೊಡುತ್ತೆ, ಆದ್ರೆ ಬೆರಳೆಣಿಕೆಯಷ್ಟು ಜನಕ್ಕೆ. ನಮ್ಮ ಕಡೆಯಿಂದ ನೋಡಿದ್ರೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಎಸ್‌ಸಿ, ಅಲೆಮಾರಿ, ಭೂರಹಿತ ಕೂಲಿ ಕುಟುಂಬದೋರಿಗೆ, ಮನೆ ಆದಾಯ ವರ್ಷಕ್ಕೆ 8 ಲಕ್ಷದೊಳಗೆ, ಇಡೀ ದೇಶಕ್ಕೆ 125 ಸೀಟು. ಕರ್ನಾಟಕ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆನೂ ಇದೆ. ಇವುಗಳಲ್ಲಿ ಒಂದಕ್ಕೂ ಅಪ್ಲೈ ಮಾಡಿ ಅಂತ ಕನ್ಸಲ್ಟೆನ್ಸಿಯವರು ಬಾಯಿ ಬಿಡಲ್ಲ, ಅವರಿಗೇನು ಸಿಗುತ್ತೆ ಅದರಲ್ಲಿ.

ಈಗ ಕೆಲಸದ ವಿಷಯ, ಹೆಚ್ಚು ಜನ ಮುಳುಗೋದು ಇಲ್ಲೇ. ನಮ್ಮನೆಗೆ ಬಂದಿದ್ದ ಕೌನ್ಸೆಲರ್ ಅಪ್ಪಂಗೆ ಹೇಳಿದ ಮಾತು, "ಅಂಕಲ್, ಏನೂ ಯೋಚನೆ ಮಾಡ್ಬೇಡಿ, ಅಲ್ಲಿ ಲಾ ಫರ್ಮ್ ಸ್ಟಾರ್ಟಿಂಗೇ ಆರು ಸಾವಿರ ಡಾಲರ್, ಮಗಳು ಒಂದೇ ವರ್ಷದಲ್ಲಿ ಸಾಲ ತೀರಿಸ್ತಾಳೆ". ತಿಂಗಳಿಗೆ ಆರು ಸಾವಿರ ಸಿಂಗಾಪುರ ಡಾಲರ್ ಅನ್ನೋದು ಸಿಂಗಾಪುರದ ಲೈಸೆನ್ಸ್ ಇರೋ ಹುಡುಗರ ವಿಷಯದಲ್ಲಿ ಸುಳ್ಳೇನಲ್ಲ. ನಮಗೆ ಆ ಲೈಸೆನ್ಸೇ ಸಿಗಲ್ಲ, ಅದನ್ನ ಹೇಳ್ಲಿಲ್ಲ. ಅಲ್ಲಿ ವಕೀಲರಾಗೋಕೆ ಅಲ್ಲಿನ ಆ ಮೂರು ಯೂನಿವರ್ಸಿಟಿಯ ಎಲ್‌ಎಲ್‌ಬಿ ಇಲ್ಲಾ ಜೆಡಿ (ಬೇರೆ ಡಿಗ್ರಿ ಆದ್ಮೇಲೆ ಮಾಡೋ ಲಾ ಡಿಗ್ರಿ) ಇರಬೇಕು, ಇಲ್ಲಾಂದ್ರೆ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ಪಟ್ಟಿಲಿರೋ ಯೂನಿವರ್ಸಿಟಿ ಡಿಗ್ರಿ, ಅದೂ ಸಿಂಗಾಪುರದ ಪ್ರಜೆ ಅಥವಾ ಪಿಆರ್ (ಕಾಯಂ ನಿವಾಸಿ) ಆಗಿರೋರಿಗೆ. ಭಾರತದ ಕಾಲೇಜು ಒಂದೂ ಆ ಪಟ್ಟಿಲಿಲ್ಲ, ನಾಗರಭಾವಿ ನ್ಯಾಷನಲ್ ಲಾ ಸ್ಕೂಲೂ ಇಲ್ಲ, ಇನ್ನು ನಮ್ಮ ಹುಬ್ಬಳ್ಳಿ ಲಾ ಯೂನಿವರ್ಸಿಟಿ ಎಲ್ಲಿಂದ ಬರ್ಬೇಕು. ಮೇಲಿಂದ ಎಲ್‌ಎಲ್‌ಎಂ ಎಷ್ಟು ಮಾಡಿದ್ರೂ, ಎನ್‌ಯುಎಸ್‌ದೇ ಆಗಿದ್ರೂ, ಈ ಲೆಕ್ಕಕ್ಕೆ ಬರಲ್ಲ.

ನಮಗೆ ಇರೋ ದಾರಿ ವಿದೇಶಿ ವಕೀಲ ಅಂತ ರಿಜಿಸ್ಟರ್ ಆಗೋದು, ಅಂದ್ರೆ ಅಲ್ಲಿ ಕೂತು ಭಾರತದ ಕಾನೂನಿನ ಕೆಲಸ ಮಾಡೋದು. ಅಲ್ಲಿನ ಕಮರ್ಷಿಯಲ್ ಕಾನೂನು ಕೆಲವು ಭಾಗ ಮಾಡೋಕೆ ಫಾರಿನ್ ಪ್ರಾಕ್ಟೀಷನರ್ ಎಕ್ಸಾಮ್ ಅಂತ ಒಂದಿದೆ, ಅದಕ್ಕೆ ಕೂರೋಕೇ ಮೂರು ವರ್ಷ ಅನುಭವ ಬೇಕು. ನಾನು ಕಷ್ಟಪಟ್ಟು ಒಬ್ಬ ರಿಕ್ರೂಟರ್‌ನ ಫೋನಲ್ಲಿ ಹಿಡಿದೆ, ಅವಳು ಕೇಳಿದ್ದು ಎರಡೇ ಪ್ರಶ್ನೆ. ವಕೀಲಳಾಗಿ ಎಲ್ಲಿ ಅಡ್ಮಿಟ್ ಆಗಿದೀಯ, ಪಿಕ್ಯೂಇ ಎಷ್ಟು, ಅಂದ್ರೆ ಸನ್ನದು ಆದ್ಮೇಲೆ ಎಷ್ಟು ವರ್ಷ ಅನುಭವ. ಕರ್ನಾಟಕ ಬಾರ್ ಕೌನ್ಸಿಲ್, ಸಿವಿಲ್ ಕೋರ್ಟಲ್ಲಿ ಒಂದೂವರೆ ವರ್ಷ ಅಂದೆ. "ಡೀಲ್ಸ್ ಏನಾದ್ರೂ?" ಅಂದ್ಲು, ಅಂದ್ರೆ ಕಂಪನಿ ವ್ಯವಹಾರದ ಕೆಲಸ. ನಾನು ಮಾಡಿದ್ದು ಪಾರ್ಟಿಷನ್ ಸೂಟು, ಇಂಜಂಕ್ಷನ್ ಅಪ್ಲಿಕೇಶನ್, ಚೆಕ್ ಬೌನ್ಸು. ಎಲ್‌ಎಲ್‌ಎಂ ಬಗ್ಗೆ ಒಂದು ಮಾತೂ ಕೇಳ್ದೇ ಸಿವಿ ಕಳಿಸು ನೋಡ್ತೀನಿ ಅಂದ್ಲು, ಆಮೇಲೆ ಅದಕ್ಕೆ ಉತ್ತರ ಬರ್ಲಿಲ್ಲ.

ಅಲ್ಲಿ ನನಗೆ ಪರಿಚಯ ಆದ ಒಬ್ಬರೇ ಒಬ್ಬ ಕನ್ನಡದ ಲಾಯರ್, ಮೈಸೂರಿನೋರು, ಅಲ್ಲಿನ ಫರ್ಮಲ್ಲಿ ಇಂಡಿಯಾ ಡೆಸ್ಕಲ್ಲಿದಾರೆ. ಅವರು ಎಲ್‌ಎಲ್‌ಎಂ ಮಾಡೇ ಇಲ್ಲ. ಮುಂಬೈನಲ್ಲಿ ನಾಲ್ಕೈದು ವರ್ಷ ಐಪಿಓ ಕೆಲಸ ರಾತ್ರಿ ಎರಡು ಗಂಟೆ ತನಕ ಮಾಡಿ, ಎದುರುಗಡೆ ಪಾರ್ಟಿ ಕಡೆ ಇದ್ದ ಫರ್ಮಿನೋರೇ ಕರ್ಕೊಂಡು ಹೋಗಿದ್ದು. ಒಂದು ಭಾನುವಾರ ಲಿಟಲ್ ಇಂಡಿಯಾದಲ್ಲಿ ದೋಸೆ ಕೊಡಿಸಿ ಅವರು ಅಂದಿದ್ದು, "ನೋಡಮ್ಮ, ಇಲ್ಲಿ ಅನುಭವ ನೋಡಿ ಕರೀತಾರೆ, ಓದಿದ್ದು ನೋಡಿ ಅಲ್ಲ. ಯಾರಾದ್ರೂ ಕೇಳಿದ್ರೆ ಇಂಡಿಯಾದಲ್ಲೇ ದೊಡ್ಡ ಫರ್ಮಲ್ಲಿ ಮೂರು ವರ್ಷ ಮಾಡ್ಕೊಂಡು ಬಾ ಅಂತ ಹೇಳು". ಕಂಪನಿ ಜಗಳಗಳನ್ನ ಕೋರ್ಟ್ ಹೊರಗೆ ತೀರಿಸೋ ಸಿಂಗಾಪುರದ ಆರ್ಬಿಟ್ರೇಷನ್ ಕೇಂದ್ರ ಎಸ್‌ಐಎಸಿಗೆ ಭಾರತದ ಕೇಸುಗಳು ಬಹಳ ಹೋಗುತ್ತೆ ಅನ್ನೋದು ನಿಜ, ಅಮೆಜಾನ್-ಫ್ಯೂಚರ್ ಜಗಳ ಅಲ್ಲೇ ಶುರುವಾಗಿ 2021ರಲ್ಲಿ ಸುಪ್ರೀಂ ಕೋರ್ಟ್ ತನಕ ಬಂತಲ್ಲ. ಆದ್ರೆ ಆ ಕೇಸುಗಳನ್ನ ನಡೆಸೋ ಭಾರತದ ವಕೀಲರು ದಿಲ್ಲಿ ಮುಂಬೈಲೇ ಕೂತಿರ್ತಾರೆ, ಹಿಯರಿಂಗಿಗೆ ಹಾರಿ ಹೋಗಿ ಹಾರಿ ಬರ್ತಾರೆ.

ವೀಸಾ ಲೆಕ್ಕ ಇನ್ನೊಂದು. ಎಂಪ್ಲಾಯ್‌ಮೆಂಟ್ ಪಾಸಿಗೆ 2025ರಿಂದ ಕನಿಷ್ಠ ಸಂಬಳ ತಿಂಗಳಿಗೆ 5,600 ಸಿಂಗಾಪುರ ಡಾಲರ್, ವಯಸ್ಸು ಏರಿದ ಹಾಗೆ ಅದೂ ಏರುತ್ತೆ. ಅದರ ಮೇಲೆ 2023ರ ಸೆಪ್ಟೆಂಬರಿಂದ ಕಂಪಾಸ್ ಅಂತ ಪಾಯಿಂಟ್ ಪದ್ಧತಿ, 40 ಬರಬೇಕು. ಸಂಬಳಕ್ಕೆ ಪಾಯಿಂಟು, ಓದಿದ ಯೂನಿವರ್ಸಿಟಿಗೆ ಪಾಯಿಂಟು, ಅವರ ಟಾಪ್ ಪಟ್ಟಿಲಿದ್ರೆ 20, ಮಾಮೂಲಿ ಡಿಗ್ರಿಗೆ 10. ದೊಡ್ಡ ಕಂಪನಿಲಿ ನಿಮ್ಮ ದೇಶದೋರು ಆಗಲೇ ಕಾಲು ಭಾಗ ಇದ್ರೆ ಆ ಕಾಲಮ್ಮಲ್ಲಿ ಸೊನ್ನೆ, ಭಾರತದೋರಿಗೆ ಇದು ಎಲ್ಲಿ ಚುಚ್ಚುತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಪ್ಯಾರಾಲೀಗಲ್, ಅಂದ್ರೆ ವಕೀಲರ ಸಹಾಯಕಿ ಕೆಲಸ ಸಿಕ್ರೂ ಸಾಕು ಅಂತ ನಾನು ಅಂದ್ಕೊಂಡಿದ್ದೆ, ಆ ಸಂಬಳಕ್ಕೆ ಎಂಪ್ಲಾಯ್‌ಮೆಂಟ್ ಪಾಸ್ ಆಗಲ್ಲ.

ಪಾರ್ಟ್ ಟೈಮ್ ಮಾಡ್ಕೊಂಡು ಖರ್ಚು ತೂಗಿಸ್ಬಹುದು, ವಾರಕ್ಕೆ 16 ಗಂಟೆ ಅಂತಾನೂ ಹೇಳಿದ್ರು. ಆ 16 ಗಂಟೆ ಎನ್‌ಯುಎಸ್, ಎಸ್‌ಎಂಯು ಥರ ಸರ್ಕಾರದ ಪಟ್ಟಿಲಿರೋ ಕಡೆ ಓದೋರಿಗೆ. ಪ್ರೈವೇಟ್ ಇನ್‌ಸ್ಟಿಟ್ಯೂಟಿನೋರಿಗೆ ಒಂದು ಗಂಟೆನೂ ಇಲ್ಲ, ಸಿಕ್ಕಿಬಿದ್ರೆ ದಂಡ, ಜೈಲು, ಗಡೀಪಾರು. ಕೋರ್ಸ್ ಮುಗಿದ ಮೇಲೂ ಅಷ್ಟೇ, ಆ ಯೂನಿವರ್ಸಿಟಿಗಳ ಹುಡುಗರು ಒಂದು ವರ್ಷದವರೆಗೆ ಉಳಿದು ಕೆಲಸ ಹುಡುಕೋಕೆ ಪಾಸ್ ಕೇಳಬಹುದು, ನಾವು ಏಳು ದಿನದೊಳಗೆ ಸ್ಟೂಡೆಂಟ್ ಪಾಸ್ ವಾಪಸ್ ಕೊಡ್ಬೇಕು. ಹಾಂಗ್‌ಕಾಂಗಲ್ಲಿ ಈ ವಿಷಯದಲ್ಲಿ ವಾಸಿ, 2022ರ ಕೊನೆಯಿಂದ ಅಲ್ಲಿ ಓದಿದೋರಿಗೆ ಎರಡು ವರ್ಷ ಇರೋಕೆ ಬಿಡ್ತಾರೆ. ಅಲ್ಲೂ ವಕೀಲಿಕೆಗೆ ಪಿಸಿಎಲ್‌ಎಲ್ ಅನ್ನೋ ಅಲ್ಲಿನ ವೃತ್ತಿ ಕೋರ್ಸ್ ಮುಗಿಸಿ ಟ್ರೇನಿಂಗ್ ಕಾಂಟ್ರಾಕ್ಟ್ ಹಿಡೀಬೇಕು, ಇಲ್ಲಾ ಭಾರತದಲ್ಲಿ ಪ್ರಾಕ್ಟೀಸ್ ಮಾಡಿ ಹೊರಗಿನ ವಕೀಲರ ಪರೀಕ್ಷೆ ಬರೀಬೇಕು, ಬರೀ ಎಲ್‌ಎಲ್‌ಎಂ ಸಾಲಲ್ಲ. ಜಪಾನಲ್ಲಿ ಓದೋಕೆ ಇಂಗ್ಲಿಷ್ ಸಾಕು, ಫರ್ಮಲ್ಲಿ ಕೆಲಸಕ್ಕೆ ಜಪಾನೀಸ್ ಚೆನ್ನಾಗಿ ಬರಬೇಕು.

ಹೋಗ್ಲಿ, ವಾಪಸ್ ಬಂದು ಪಾಠನಾದ್ರೂ ಮಾಡೋಣ ಅಂದ್ರೆ ಅದಕ್ಕೂ ಕಲ್ಲು. ವಿದೇಶದ ಒಂದು ವರ್ಷದ ಎಲ್‌ಎಲ್‌ಎಂ ಇಲ್ಲಿನದಕ್ಕೆ ಸಮ ಅಲ್ಲ ಅಂತ ಬಾರ್ ಕೌನ್ಸಿಲ್ 2020ರ ನಿಯಮದಲ್ಲಿ ಬರೀತು, ಅದು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ನನ್ನ ಥರದ ಡಿಗ್ರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಯುಜಿಸಿದು, 2025ರ ನಿಯಮದ ಪ್ರಕಾರ ಫ್ರಾಂಚೈಸಿ ವ್ಯವಸ್ಥೆಲಿ, ಅಂದ್ರೆ ಪಾಠ ಒಬ್ಬರದು ಡಿಗ್ರಿ ಇನ್ನೊಬ್ಬರದು ಅನ್ನೋ ಥರ, ಪಡೆದ ವಿದೇಶಿ ಡಿಗ್ರಿಗೆ ಮಾನ್ಯತೆ ಇಲ್ಲ. ನಾನೀಗ ಔಟರ್ ರಿಂಗ್ ರೋಡಲ್ಲಿ ಒಂದು ಕಂಪನಿಲಿ ಕಾಂಟ್ರಾಕ್ಟ್ ರಿವ್ಯೂ ಮಾಡ್ತಿದೀನಿ, ಪಕ್ಕದ ಸೀಟಲ್ಲಿರೋನು ಬರೀ ಎಲ್‌ಎಲ್‌ಬಿ, ಇಬ್ಬರಿಗೂ ಒಂದೇ ಸಂಬಳ, ಅವನ ಅಪ್ಪನ ಸೈಟು ಮಾತ್ರ ಬ್ಯಾಂಕಲ್ಲಿ ಅಡ ಇಲ್ಲ.

ಆಗಲೇ ಸೈನ್ ಹಾಕಿಬಿಟ್ಟಿದ್ರೆ ಗಾಬರಿ ಬೇಡ, ಸಿಂಗಾಪುರದ ಪ್ರೈವೇಟ್ ಇನ್‌ಸ್ಟಿಟ್ಯೂಟ್ ಕಾಂಟ್ರಾಕ್ಟಲ್ಲಿ ಏಳು ವರ್ಕಿಂಗ್ ಡೇ ಕೂಲಿಂಗ್ ಆಫ್ ಅಂತ ಇರುತ್ತೆ, ಅಷ್ಟರೊಳಗೆ ಲಿಖಿತವಾಗಿ ಬೇಡ ಅಂದ್ರೆ ಕಟ್ಟಿದ ಫೀನಲ್ಲಿ ಕಾಂಟ್ರಾಕ್ಟಲ್ಲಿ ಬರೆದಿರೋ ಅತಿ ಹೆಚ್ಚಿನ ಪರ್ಸೆಂಟ್ ವಾಪಸ್ ಬರುತ್ತೆ. ನಮ್ಮ ಕನ್ಸಲ್ಟೆನ್ಸಿಯವರು ಸೈನ್ ಮಾಡಿಸ್ಕೊಂಡು ನಮ್ಮ ಕಾಪಿನ ತಿಂಗಳು ಕಳೆದ ಮೇಲೆ ಕಳಿಸಿದ್ರು, ಬೇಕಂತಾನೇ. ಸೈನ್ ಮಾಡಿದ ದಿನಾನೇ ಕಾಪಿ ಕೇಳಿ ಇಸ್ಕೊಳ್ಳಿ, ಕೊಡದಿದ್ರೆ ಇನ್‌ಸ್ಟಿಟ್ಯೂಟಿಗೆ ನೇರ ಮೇಲ್ ಹಾಕಿ.

ಕನ್ಸಲ್ಟೆನ್ಸಿ ಮೇಲೆ ನಾನು ಗ್ರಾಹಕ ಆಯೋಗಕ್ಕೆ ಹೋಗಿದೀನಿ. 2019ರ ಕಾಯ್ದೆ ಪ್ರಕಾರ ನಾವು ವಾಸ ಇರೋ ಜಿಲ್ಲೆಲೇ ದೂರು ಹಾಕಬಹುದು, ಅವರ ಆಫೀಸ್ ಬೆಂಗಳೂರಲ್ಲಿದೆ ಅಂತ ಅಲ್ಲಿಗೇ ಅಲೀಬೇಕಾಗಿಲ್ಲ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ನನ್ನ ನೋಟಿಸಿಗೆ ಅವರ ಉತ್ತರ, ನಾವು ಬರೀ ಮಾಹಿತಿ ಕೊಡೋರು, ಕೆಲಸದ ಭರವಸೆ ಕೊಟ್ಟೇ ಇಲ್ಲ ಅಂತ. ಕೊಟ್ಟಿದ್ದು ಪೂರಾ ವಾಯ್ಸ್ ನೋಟಲ್ಲಿದೆ. ಹಾಗಾಗಿ ಯಾವ ಕನ್ಸಲ್ಟೆನ್ಸಿ ಜೊತೆ ಮಾತಾಡ್ತಿದ್ರೂ ವಾಟ್ಸಾಪಲ್ಲಿ ಡಿಸಪಿಯರಿಂಗ್ ಮೆಸೇಜ್ ಆನ್ ಇದ್ರೆ ಇವತ್ತೇ ಆಫ್ ಮಾಡಿ, ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಳ್ಳಿ, ಹಳೇ ಫೋನ್ ಎಕ್ಸ್‌ಚೇಂಜಿಗೆ ಹಾಕ್ಬೇಡಿ. ಫೋನಲ್ಲಿರೋ ಸಾಕ್ಷ್ಯಕ್ಕೆ ಬೇಕಾಗೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಸರ್ಟಿಫಿಕೇಟ್ ಕೊಡೋವಾಗ ಆ ಫೋನ್ ಕೈಲಿದ್ರೆ ಅರ್ಧ ತಲೆನೋವು ಕಮ್ಮಿ.